ಅಂಟಿಲ್ಲದ ಆಲ್ಬಮಿನ ಲೋಲಾಕ್ಷಿ

ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ. ಸುಳ್ಯ ಪೇಟೆಯ ಆ ಸಾಲಿನಲ್ಲಿ ಬಾಗಿಲು ತೆರೆದಿರುವುದು ಒಂದು ಫೋಟೊ ಸ್ಟುಡಿಯೊ ಮಾತ್ರ. ಒಳಗೆ ಕಂಪ್ಯೂಟರಿನ ಮುಂದೆ ಲೋಲಾಕ್ಷಿ ಬಲಗೈಯಲ್ಲಿ ಮೌಸು ಹಿಡಿದು, ಎಡಗೈ ಬೆರಳನ್ನು ನೋಟ್‌ಬುಕ್ಕಿನ ಸಾಲಿನ ಮೇಲಿಟ್ಟು ಪಾಠ ಒಪ್ಪಿಸುವವರಂತೆ ತುಟಿ ಅಲುಗಿಸುತ್ತಿದ್ದಾರೆ. ಲೇಯರ್, ಎಲಿಮೆಂಟ್, ಬ್ಲೀಡ್... ಅಲ್ಲಿಗೆ ತಡೆಯುತ್ತದೆ. "ಬ್ಲೀಡ್ ಅಂದ್ರೆ ರಕ್ತ ಬರುದಲ್ವಾ? ಕಾಗದಕ್ಕೆ ಎಂತ ರಕ್ತ ಮಾರಾಯ್ರೆ!"

ಮರ್ಕಂಜದ ಲೋಲಾಕ್ಷಿಗೆ ಈಗ ಐವತ್ತನಾಲ್ಕು. ಇಪ್ಪತ್ತೇಳು ವರ್ಷಗಳಿಂದ ಇದೇ ಸ್ಟುಡಿಯೊದಲ್ಲಿ ಮದುವೆ ಆಲ್ಬಮ್‌ಗಳಿಗೆ ಫೋಟೊ ಅಂಟಿಸಿ, ರಟ್ಟು ಕಟ್ಟಿದವರು. ಸಾವಿರ ದಾಟಿದ ಮೇಲೆ ಲೆಕ್ಕ ಇಟ್ಟಿಲ್ಲ. ಈಗ ಗಿರಾಕಿಗಳು ಕೇಳುವುದು ಡಿಜಿಟಲ್ ಸ್ಕ್ರಾಪ್‌ಬುಕ್. ಹೂವು, ಬಣ್ಣದ ಕಾಗದ, ರಿಬ್ಬನ್ನು, ಬರಹ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಜೋಡಿಸಿ, ಕೊನೆಗೆ ಪುಟವನ್ನು ಇಡಿಯಾಗಿ ಮುದ್ರಿಸುವುದು. ಅದನ್ನು ಮಾಡುತ್ತಿದ್ದ ಆಫ್ರಾ ಹೆರಿಗೆಗೆಂದು ಬೆಟ್ಟಂಪಾಡಿಯ ತವರಿಗೆ ಹೋಗಿದ್ದಾಳೆ. ಮಾಲೀಕ ಜಯಪ್ರಕಾಶ್ ಹೇಳಿದ್ದು ಇಷ್ಟೇ: "ನೀವು ಕಲಿತ್ರೆ ಕೆಲಸ ಇಲ್ಲಿ ಉಳೀತದೆ ಅಕ್ಕ. ಇಲ್ಲದಿದ್ರೆ ಎಲ್ಲ ಮಂಗಳೂರಿಗೆ ಕಳಿಸುದು."

ಅಂದಿನಿಂದ ಲೋಲಾಕ್ಷಿ ಮೊದಲ ಬಸ್ಸು ಹಿಡಿಯುತ್ತಾರೆ. ಗಿರಾಕಿ ಬರುವ ಒಂಬತ್ತರ ತನಕ ಕಂಪ್ಯೂಟರು ಅವರದ್ದು. ಆಫ್ರಾ ಹೇಳಿಕೊಟ್ಟ ನಲವತ್ತಮೂರು ಪದಗಳು ನೋಟ್‌ಬುಕ್ಕಿನಲ್ಲಿವೆ, ಅರ್ಥವಾದದ್ದು ಅರ್ಧದಷ್ಟೂ ಇಲ್ಲ. ಲೇಯರ್ ಎಂದರೆ ಮೊಟ್ಟೆ ಕೋಳಿ ಎಂದೇ ಅವರಿಗೆ ಗೊತ್ತು. ಕ್ರಾಪ್ ಎಂದರೆ ಬೆಳೆ, ಇಲ್ಲಿ ಕತ್ತರಿಸುವುದಂತೆ. ಬ್ಲೀಡ್ ಎಂದರೆ ಕತ್ತರಿಸಲೆಂದು ಪುಟದ ಅಂಚಿನಾಚೆಗೂ ಚಾಚಿ ಬಿಡುವ ಚಿತ್ರವಂತೆ. ಟೆಂಪ್ಲೇಟನ್ನು ಬಹಳ ದಿನ ದೇವಸ್ಥಾನದ ಊಟದ ತಟ್ಟೆ ಎಂದುಕೊಂಡಿದ್ದರು. "ಪೇಪರ್ ಅಂತಾರೆ, ಮುಟ್ಟಿದ್ರೆ ಪೇಪರ್ ಇಲ್ಲ. ತಲೆ ತಿರುಗುದಿಲ್ವಾ?"

ಕಳೆದ ತಿಂಗಳು ಈ ಗೊಂದಲ ದುಬಾರಿಯಾಯಿತು. ಕಡಬದ ಸುಪ್ರಿತಾಳ ಮದುವೆ ಆಲ್ಬಮ್ ಲೋಲಾಕ್ಷಿ ಒಬ್ಬರೇ ಮಾಡಿದ ಮೊದಲನೆಯದು. ಮೊದಲ ಪುಟದಲ್ಲಿ, ಹಿಂದಿನ ವರ್ಷ ತೀರಿಕೊಂಡ ತಾಯಿಯ ಫೋಟೊ ಇರಬೇಕಿತ್ತು. ಮುದ್ರಣವಾಗಿ ಬಂದ ಆಲ್ಬಮನ್ನು ಸುಪ್ರಿತಾ ಕೌಂಟರಿನ ಮೇಲೆಯೇ ತೆರೆದಳು. ಪುಟದ ತುಂಬ ಮಲ್ಲಿಗೆ.

"ಅಮ್ಮ ಎಲ್ಲಿ?" ಎಂದು ಕೇಳಿದಳು.

ಲೋಲಾಕ್ಷಿ ಪುಟದ ಅಂಚನ್ನು ಉಗುರಿನಿಂದ ಎಬ್ಬಿಸಲು ನೋಡಿದರು. ಏಳಲಿಲ್ಲ. ಹಳೆಯ ಆಲ್ಬಮ್‌ಗಳಲ್ಲಿ ಫೋಟೊದ ರಕ್ಷಣೆಗೆ ಬಟರ್ ಪೇಪರ್ ಹೊದಿಸುವಂತೆ, ಅವರು ತಾಯಿಯ ಮೇಲೆ ಮಲ್ಲಿಗೆ ಚಿತ್ರದ ಪೇಪರನ್ನು ಹೊದಿಸಿದ್ದರು. "ಎತ್ತಿ ನೋಡ್ತಾರೆ ಅಂದ್ಕೊಂಡೆ. ಎತ್ಲಿಕ್ಕೆ ಆಗುದಿಲ್ಲ ಅಂತ ನನಗೆ ಹೊಳೀಲೇ ಇಲ್ಲ. ಆ ಹುಡುಗಿಯ ಮುಖ ನೋಡ್ಲಿಕ್ಕೆ ಆಗ್ಲಿಲ್ಲ."

ಆಫ್ರಾಳಿಗೆ ಫೋನು ಮಾಡಿದರು. ಆಚೆಯಿಂದ ಸಮಾಧಾನದ ದನಿ ಬಂತು: "ಅಮ್ಮ ಎಲ್ಲಿಗೂ ಹೋಗ್ಲಿಲ್ಲ ಅಕ್ಕ. ಕೆಳಗಿನ ಲೇಯರಿನಲ್ಲಿ ಇದ್ದಾರೆ. ಹಿಡಿದು ಮೇಲೆ ಎಳೀರಿ." ಕಂಪ್ಯೂಟರಿನಲ್ಲಿ ಆ ಪುಟ ತೆರೆದು ಎಳೆದರು. ಮಲ್ಲಿಗೆಯ ಮೇಲೆ ಕೆಂಪು ಸೀರೆಯ ಹೆಂಗಸೊಬ್ಬರು ನಗುತ್ತ ಬಂದು ನಿಂತರು. ಸುಪ್ರಿತಾ ಕಣ್ಣೊರೆಸಿಕೊಂಡಳು. ಲೇಯರ್ ಎಂದರೇನೆಂದು ಲೋಲಾಕ್ಷಿಗೆ ಅವತ್ತು ಅರ್ಥವಾಯಿತು.

ಅಂಟಿಸಿ ಒತ್ತಿದ ಆಲ್ಬಮಿನಿಂದ ಒಂದೇ ಪುಟ ತೆಗೆಯಲು ಬರುವುದಿಲ್ಲ, ಇಡೀ ಆಲ್ಬಮ್ ಮತ್ತೆ ಮಾಡಬೇಕು ಎಂದು ಮುದ್ರಣದವರು ಕೈಚೆಲ್ಲಿದರು. ಲೋಲಾಕ್ಷಿ ತಿದ್ದಿದ ಆ ಪುಟವೊಂದನ್ನೇ ಮುದ್ರಿಸಿ ತರಿಸಿಕೊಂಡರು. ಬಿಸಿನೀರಿನ ಹಬೆ ಹಿಡಿದು, ಬ್ಲೇಡಿನ ತುದಿಯಿಂದ ಹಳೆಯ ಪುಟ ಬಿಡಿಸಿ, ಹೊಸದನ್ನು ಕೂರಿಸಲು ಮೂರು ಗಂಟೆ ಬೇಕಾಯಿತು. ಸುಪ್ರಿತಾ ಎಷ್ಟು ಹುಡುಕಿದರೂ ಜೋಡಿಸಿದ ಗೆರೆ ಸಿಗಲಿಲ್ಲ. ಜಯಪ್ರಕಾಶ್ ಮುಂದಿನ ಎರಡು ಆಲ್ಬಮ್‌ಗಳನ್ನೂ ಲೋಲಾಕ್ಷಿಗೇ ಕೊಟ್ಟಿದ್ದಾರೆ.

ಪದಗಳ ಗೊಂದಲ ಮಾತ್ರ ಮುಗಿದಿಲ್ಲ. ಹೊಸದಾಗಿ ಒಂದು ಸೇರಿದೆ. ಹಿಂದೆ ಪ್ರತಿ ಆಲ್ಬಮಿನ ಕೊನೆಯ ಫೋಟೊ ಅಂಟಿಸುವ ಮೊದಲು ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಸಣ್ಣದಾಗಿ 'ಲೋ' ಎಂದು ಬರೆಯುತ್ತಿದ್ದರಂತೆ. ಇದುವರೆಗೆ ಯಾರಿಗೂ ಹೇಳಿಲ್ಲ.

"ಯಾರೂ ನೋಡ್ಲಿಕ್ಕೆ ಅಂತ ಅಲ್ಲ, ಸುಮ್ಮನೆ," ಎಂದು ನಾಚುತ್ತಾರೆ. ಮತ್ತೆ ಪರದೆಯನ್ನೊಮ್ಮೆ ನೋಡಿ ಕೇಳುತ್ತಾರೆ: "ಈ ಫೋಟೊಗಳಿಗೆ ಬೆನ್ನು ಎಲ್ಲುಂಟು? ಅದಕ್ಕೆ ಇವರು ಎಂತ ಹೆಸರು ಹೇಳ್ತಾರೆ? ಅದೊಂದು ಗೊತ್ತಾದ್ರೆ ಸಾಕಿತ್ತು."