ನನ್ನ ಅಳತೆಯ ವೀಲ್‌ಚೇರ್

ಸಂಪಾಜೆಯ ತಿರುವಿನಲ್ಲಿ ಜೀಪು ಪಲ್ಟಿಯಾದ ಮೇಲೆ ನನಗೆ ಸೊಂಟದಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಯಾರೋ ಬಳಸಿ ಬಿಟ್ಟ ವೀಲ್‌ಚೇರ್ ಕೊಟ್ಟಿದ್ದರು. ಅದು ನನಗೆ ತೀರಾ ಅಗಲ. ಎಡಕ್ಕೆ ವಾಲುತ್ತಿದ್ದೆ, ಪಕ್ಕದಲ್ಲಿ ದಿಂಬು ತುರುಕಿಕೊಳ್ಳುತ್ತಿದ್ದೆ. ಅದರಲ್ಲಿಯೇ ಪೆರಾಬೆಯ ಮನೆಯಿಂದ ಶಾಲೆಗೆ ಹೋಗಿ ಪಾಠವನ್ನೂ ಮಾಡಿದೆ.

ಸುಳ್ಯದ ಆಸ್ಪತ್ರೆಯಲ್ಲಿ ಮೈ ನೋಡಿ, ಅಳತೆ ತೆಗೆದು ಸರಿಯಾದ ವೀಲ್‌ಚೇರ್ ಮಾಡಿಸಿಕೊಡುತ್ತಾರೆಂದು ತಂಗಿ ಹೇಳಿದಾಗ ಸೆಕೆ ಎಂದೆ, ಉತ್ತರಪತ್ರಿಕೆ ತಿದ್ದಲಿಕ್ಕಿದೆ ಎಂದೆ. ನಿಜ ಹೇಳಲಿಲ್ಲ. ಬೇರೆಯವರ ಕುರ್ಚಿಯಲ್ಲಿ ಕೂತಿರುವವರೆಗೆ ಒಂದು ದಿನ ಎದ್ದು ಅದನ್ನು ವಾಪಸು ಕೊಡಬಹುದು ಅಂದುಕೊಂಡಿದ್ದೆ. ನನ್ನ ಅಳತೆಗೆ ಮಾಡಿಸಿದರೆ ಆ ಆಸೆಯೂ ಮುಗಿಯಿತು.

ತಂಗಿ ಕೇಳಲಿಲ್ಲ, ಕರಕೊಂಡು ಹೋದಳು. ಅಲ್ಲಿಯ ಥೆರಪಿಸ್ಟ್, ಕಿರಿಯ ವಯಸ್ಸಿನ ಹೆಂಗಸು, ಒರಗಲು ಏನೂ ಇಲ್ಲದ ಮಂಚದ ಅಂಚಿಗೆ ನನ್ನನ್ನು ಕೂರಿಸಿ ಎದುರಿಗೆ ಕೂತರು.

"ಟೀಚರ್, ಎರಡೂ ಕೈ ತೆಗೆದು ಮಡಿಲಲ್ಲಿ ಇಡಿ."

ಬೆರಳುಗಳು ಹಾಸಿಗೆಯನ್ನು ಬಿಡಲೇ ಇಲ್ಲ. ಜೀಪು ವಾಲಿದ ಆ ಗಳಿಗೆ ಮತ್ತೆ ಬಂದ ಹಾಗಾಯಿತು. ಬೀಳುತ್ತೇನೆ ಎಂದೆ.

"ಬೀಳುದಾದ್ರೆ ನನ್ನ ಮೇಲೆಯೇ ಬೀಳುದು. ನೀವು ಎಷ್ಟು ವಾಲ್ತೀರಿ ಅಂತ ನೋಡದೆ ಅಳತೆ ಸಿಗುದಿಲ್ಲ."

ಕೈ ಬಿಟ್ಟೆ. ಬಿದ್ದೆನೆಂದೇ ಅನಿಸಿತು. ಅಷ್ಟರಲ್ಲಿ ಅವರ ಅಂಗೈಗಳು ಪಕ್ಕೆಲುಬನ್ನು ತಡೆದವು. ನನ್ನ ಎದೆಬಡಿತ ಅವರ ಕೈಗೆ ಗೊತ್ತಾಗಿರಬೇಕು. ಉಸಿರು ಸರಿಯಾಗುವವರೆಗೆ ಹಾಗೆಯೇ ಹಿಡಿದಿದ್ದರು.

ಆಮೇಲೆ ಮಗ್ಗುಲಾಗಿ ಮಲಗಿಸಿ ಹಿಂಭಾಗದ ಚರ್ಮ ನೋಡಿದರು. ತಂಗಿಯನ್ನೂ ಹತ್ತಿರ ಕರೆದರು.

"ಇದು ಯಾವಾಗಿನಿಂದ ಉಂಟು?"

ನನಗೆ ಹೇಗೆ ಗೊತ್ತು? ತಂಗಿ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದಳು. ಎಡಗಡೆ ಕೆಂಪು ಕಲೆ, ನಡುವೆ ಕಪ್ಪಾಗುತ್ತಾ ಬಂದಿದೆ. ಭಾರವೆಲ್ಲ ಒಂದೇ ಕಡೆ ಬಿದ್ದು ಹೀಗಾಗಿದೆ, ಒಡೆದರೆ ಎಲುಬಿನವರೆಗೂ ಹೋಗುತ್ತದೆ, ಮಾಯುವವರೆಗೆ ಕೂರುವ ಹಾಗೇ ಇಲ್ಲ ಎಂದರು ಥೆರಪಿಸ್ಟ್. ನನ್ನದೇ ದೇಹ ನನಗೆ ಒಂದು ಮಾತೂ ತಿಳಿಸದೆ ಕೊಳೆಯಲು ಹೊರಟಿತ್ತು. ಅಳತೆಯ ಹೆದರಿಕೆ ಅಲ್ಲಿಗೆ ಸಣ್ಣದಾಯಿತು.

ಅಳತೆ ಕೊಟ್ಟು ಬಂದು, ಶಾಲೆಗೆ ರಜೆ ಹಾಕಿ ಕವುಚಿ ಮಲಗಿದೆ. ತಂಗಿ ದಿನಾ ಬಟ್ಟೆ ಸರಿಸಿ ನೋಡುವಾಗ, ಅವಳು ಬಾಯಿ ತೆರೆಯುವವರೆಗೆ ಉಸಿರು ಹಿಡಿದಿರುತ್ತಿದ್ದೆ. ಕಲೆ ಮೆಲ್ಲ ಮೆಲ್ಲ ಮಾಸಿತು.

ಕುರ್ಚಿ ತಯಾರಾದಾಗ ಮತ್ತೆ ಸುಳ್ಯಕ್ಕೆ ಹೋದೆವು. ಥೆರಪಿಸ್ಟ್ ನನ್ನನ್ನು ಅದರಲ್ಲಿ ಕೂರಿಸಿ, ಅಡಿಗೆ ಎರಡೂ ಕಡೆ ಕೈ ತೂರಿಸಿ ನೋಡಿದರು.

"ಈಗ ಸಮ ಉಂಟು. ಆದ್ರೂ ದಿನಾ ನೋಡುದು ಬಿಡ್ಬೇಡಿ."

ಬೆನ್ನು ನೇರವಾಗಿತ್ತು. ಮನೆಗೆ ಬಂದು ಯಾರ ಸಹಾಯವೂ ಇಲ್ಲದೆ ಅಡುಗೆಮನೆಯ ಬಾಗಿಲು ದಾಟಿದೆ, ಚಹಾ ಮಾಡಿದೆ. ಲೋಟವನ್ನು ಮಡಿಲಲ್ಲಿಟ್ಟು ಜಗಲಿಗೆ ಹೋಗೋಣವೆಂದು ಎತ್ತಿದವಳು ಅಲ್ಲಿಯೇ ಕೈ ತಡೆದೆ. ಚೆಲ್ಲಿದರೆ ತೊಡೆ ಸುಟ್ಟದ್ದೂ ನನಗೆ ತಿಳಿಯುವುದಿಲ್ಲ. ಲೋಟ ಕೆಳಗಿಟ್ಟು ತಂಗಿಯನ್ನು ಕರೆದೆ.