ಮುಖವಿಲ್ಲದ ಕಡಲ ಹೆಣ್ಣು

ಮೊನ್ನೆ ಗುಂಡಿ ಹುಡುಕಲೆಂದು ಹೊಲಿಗೆ ಸಾಮಾನಿನ ಬಿಸ್ಕತ್ತು ಡಬ್ಬಿ ತೆರೆದೆ. ಹಳೇ ಉಣ್ಣೆಯ ವಾಸನೆ, ಜೊತೆಗೆ ಒಂದಿಷ್ಟು ಧೂಪದ್ದು... ಮೊದಲು ನಾನಿದ್ದ ಸ್ಯಾಂಡ್ರಿಂಗಮ್ಮಿನ ಆ ಪಕ್ಕದ ಮನೆಯಾಕೆ ಎದುರಿಗೇ ಬಂದು ಕೂತಂತಾಯಿತು.

ಅವರು ಈಜಿಪ್ಟಿನ ಕ್ರೈಸ್ತರು. ಮಣಿಕಟ್ಟಿನ ಮೇಲೆ ಪುಟ್ಟ ಶಿಲುಬೆಯ ಹಚ್ಚೆ. ನಾನು ನರ್ಸ್ ಆಗಿದ್ದವಳು. ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರದೂ ಕಾನ್ವೆಂಟ್ ಇಂಗ್ಲಿಷು. ಬೇಲಿಯ ಆಚೀಚೆ ನಿಂತರೆ ಟೀ ಆರಿಹೋಗುತ್ತಿತ್ತು.

ಅವರ ಬಳಿ ಅಂಗೈಯಗಲದ ಒಂದು ಬಟ್ಟೆಯ ತುಂಡಿತ್ತು. ಸಾವಿರದೈನೂರು ವರ್ಷದ ಹಿಂದೆ ಸತ್ತವರ ಅಂಗಿಯಿಂದ ಕತ್ತರಿಸಿದ್ದಂತೆ. ಮುತ್ತಜ್ಜನಿಗೆ ಮರಳಿನ ಗೋರಿಯಲ್ಲಿ ಸಿಕ್ಕಿದ್ದು. ನೇರಳೆ ಉಣ್ಣೆಯಲ್ಲಿ ನೇಯ್ದ ಕಡಲ ದೇವತೆ, ಮೀನಿನ ಬಾಲದ ಮೃಗದ ಮೇಲೆ ಸವಾರಿ. ಮೈಮೇಲೆ ಬಟ್ಟೆಯಿಲ್ಲ, ತಲೆಯ ಮೇಲೆ ಗಾಳಿಗೆ ಉಬ್ಬಿದ ಸೆರಗು ಮಾತ್ರ. ಮುಖವೂ ಇರಲಿಲ್ಲ. ಅವರ ಮುತ್ತಜ್ಜಿ, ಅಜ್ಜಿ, ತಾಯಿ ಎಲ್ಲರೂ ಪ್ರಾರ್ಥನೆ ಮುಗಿಸಿ ಅಲ್ಲೇ ಹೆಬ್ಬೆರಳು ಸವರಿ ಸವರಿ ಅದು ನುಣ್ಣಗೆ ಸವೆದಿತ್ತು.

"ನಿಮ್ಮ ಜೀಸಸ್‌ಗೆ ಬೇಜಾರಾಗಲ್ವಾ ಇವಳನ್ನ ನೋಡಿ?" ಎಂದು ರೇಗಿಸುತ್ತಿದ್ದೆ.

"ಅವನು ನೀರಿನ ಮೇಲೆ ನಡೀತಾನೆ ಸಿಸ್ಟರ್. ನನಗೆ ಮಂಡಿನೋವು. ನನ್ನನ್ನ ದಾಟಿಸೋಕೆ ಇವಳೇ ಬರಬೇಕು."

ಕಾಯಿಲೆ ಬಿದ್ದ ಅವರಿಗೆ ಡಾಕ್ಟರು ಇನ್ನು ಕೆಲವೇ ವಾರ ಎಂದ ಮೇಲೆ ಆ ತುಂಡನ್ನು ನನ್ನ ಕೈಗಿತ್ತರು. ಅಂಚು ಬಿಚ್ಚಿದೆ, ಅಷ್ಟು ಮಾತ್ರ ಹೊಲಿದುಕೊಡಿ. ಶವದ ಪೆಟ್ಟಿಗೆಯೊಳಗೆ ನನ್ನ ಕೈಯಲ್ಲಿ ಇದು ಇರಬೇಕು, ಎಂದರು.

ಅಂಚು ಹೊಲಿದೆ. ಆಮೇಲೆ ಆ ಬರಿದಾದ ಮುಖ ನೋಡುತ್ತಾ ಕೂತೆ. ಅರ್ಧಂಬರ್ಧ ಕೆಲಸ ದೇವರಿಗೆ ಅವಮಾನ ಎಂದು ಮೈಸೂರಿನಲ್ಲಿ ನೀಡಲ್‌ವರ್ಕ್ ಕಲಿಸಿದ ನನ್‌ಗಳು ನಮ್ಮ ಬೆರಳುಗಳಿಗೇ ಪಾಠ ಮಾಡಿದ್ದರು. ಎಳೆಗೆ ಎಳೆ ಹೊಂದಿಸಿ ಎರಡು ಕಣ್ಣು, ಮೂಗು, ಪುಟ್ಟ ಬಾಯಿ ಹೊಲಿದೆ. ಎಷ್ಟು ನೀಟಾಗಿತ್ತೆಂದರೆ... ನನಗೇ ಹೆಮ್ಮೆಯಾಗಿತ್ತು.

ಹಾಸಿಗೆಯಲ್ಲಿ ಅವರು ಕಣ್ಣು ಮುಚ್ಚಿಯೇ ತುಂಡನ್ನು ಇಸಿದುಕೊಂಡರು. ಹೆಬ್ಬೆರಳು ತನ್ನ ಜಾಗಕ್ಕೆ ಹೋಯಿತು, ನಿಂತಿತು. ಇನ್ನೊಮ್ಮೆ ತಡವಿತು. ಕಣ್ಣು ತೆರೆದು ಬಹಳ ಹೊತ್ತು ನೋಡಿದರು.

"ಬ್ಯೂಟಿಫುಲ್ ವರ್ಕ್, ಸಿಸ್ಟರ್," ಎಂದರು. ಆಮೇಲೆ ಮೆಲ್ಲಗೆ, "ಆದರೆ ಇವಳಿಗೆ ನಾನು ಯಾರು ಅಂತ ಗೊತ್ತಿಲ್ಲ."

ಬಿಚ್ಚಿಬಿಡುತ್ತೇನೆ ಎಂದು ಗೋಗರೆದೆ. ಬೇಡವೆಂದು ತಲೆಯಾಡಿಸಿ ಅದನ್ನು ನನ್ನ ಕೈಗೇ ಮಡಚಿಟ್ಟರು. ಐದನೆಯ ದಿನ ಹೋದರು. ಪೆಟ್ಟಿಗೆಯಲ್ಲಿ ಅವರ ಕೈ ಖಾಲಿಯಿತ್ತು, ನೋಡಿದವಳು ನಾನು.

ಈಗ ನಾನು ಜಾನ್ಸನ್‌ವಿಲ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊನ್ನೆ ಡಬ್ಬಿಯಿಂದ ಆ ತುಂಡನ್ನು ತೆಗೆದು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಸೂಜಿಮೊನೆಯಿಂದ ನನ್ನ ಹೊಲಿಗೆಗಳನ್ನು ಒಂದೊಂದಾಗಿ ಎತ್ತತೊಡಗಿದೆ. ಹೊಸ ದಾರದ ಜೊತೆಗೆ ಹಳೆಯದೂ ಪುಡಿಯಾಗಿ ಉದುರಿತು.

"ಅಜ್ಜಿ, ಸ್ಟಾಪ್! ಯು ಆರ್ ರುಯಿನಿಂಗ್ ಇಟ್," ಎಂದಳು ಮೊಮ್ಮಗಳು.

ಅಷ್ಟರಲ್ಲಿ ಮುಖವಿದ್ದಲ್ಲಿ ತೂತಾಗಿತ್ತು. ಅಲ್ಲಿ ಹೆಬ್ಬೆರಳಿಟ್ಟೆ. ಕೆಳಗಿನ ಮೇಜು ತಣ್ಣಗೆ ತಾಗಿತು.