ಚೆಲ್ಲದ ಹಾಲು

ಡಾಕ್ಟರ್ ಸಾಹೇಬರ ಬಲಗೈ ಮೊಣಕೈವರೆಗೆ ಬೋಳಾಗಿತ್ತು. ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡ ಕರುಗಳನ್ನು ಎಳೆದೂ ಎಳೆದೂ, ಕಾರ್ಬಾಲಿಕ್ ಸೋಪಿನಲ್ಲಿ ತೊಳೆದೂ ತೊಳೆದೂ ಒಂದು ಕೂದಲೂ ಉಳಿದಿರಲಿಲ್ಲ. ಹರಿಹರದಿಂದ ಬಸ್ಸಿನಲ್ಲಿ ದಾವಣಗೆರೆಯ ದನದ ಆಸ್ಪತ್ರೆಗೆ ಬರುತ್ತಿದ್ದರು. ಎಮ್ಮೆಯನ್ನು ಮುಟ್ಟುವ ಮೊದಲು "ಏನವ್ವಾ, ಹೆಂಗಿದೀ?" ಎಂದು ಅದನ್ನೇ ಕೇಳುತ್ತಿದ್ದರು, ಮನುಷ್ಯರ ಸರದಿ ಆಮೇಲೆ.

ಎಂಬತ್ತರ ದಶಕದ ನಡುವೆ, ನಾನು ದಾವಣಗೆರೆಯ ಆನೆಕೊಂಡಕ್ಕೆ ಸೊಸೆಯಾಗಿ ಬಂದ ಎರಡನೇ ವರ್ಷ, ನಮ್ಮ ದೊಡ್ಡ ಎಮ್ಮೆಗೆ ಕೆಚ್ಚಲು ಬಾವು ಬಂತು. ಪೆನಿಸಿಲಿನ್ ನಾಟಲಿಲ್ಲ. ಸಾಹೇಬರು ಮನುಷ್ಯರ ಔಷಧಿ ಅಂಗಡಿಯಿಂದ ಸೆಫಲೋಸ್ಪೊರಿನ್ ಎಂಬ ಹೊಸ ಇಂಜೆಕ್ಷನ್ ತಂದರು. ಐದು ದಿನ ಚುಚ್ಚಬೇಕಿತ್ತು.

"ಮದ್ದು ಹಾಲಿನಾಗೆ ಇಳಿತೈತ್ರಿ. ಮುಗಿದ ಮ್ಯಾಲೂ ನಾಕು ದಿನ ಯಾರಿಗೂ ಹಾಕಬ್ಯಾಡ್ರಿ. ಚೆಲ್ಲಿಬಿಡ್ರಿ" ಎಂದು ಮಾವನವರಿಗೆ ಹೇಳಿದರು. ತಂಬಿಗೆ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ.

ಮಾವ ಚೆಲ್ಲಲಿಲ್ಲ. ಬಾವಿಲ್ಲದ ಮೊಲೆಗಳ ಹಾಲು ಬೆಳ್ಳಗೇ ಇತ್ತು. ಬೇರೆ ಎಮ್ಮೆಗಳ ಹಾಲಿಗೆ ಬೆರೆಸಿ ದಿನವೂ ಹಾಲು ಹಾಕುವ ವರ್ತನೆಯ ಮನೆಗಳಿಗೆ ಕಳಿಸಿದರು. ಬೆರೆಸಿದವಳು ನಾನೇ.

ನಾಲ್ಕನೇ ದಿನ, ನಮ್ಮ ಹಾಲು ಕುಡಿಯುತ್ತಿದ್ದ ಹಿಂದಿನ ಓಣಿಯ ಟೇಲರ್ ಮಗಳಿಗೆ ಮೈಯೆಲ್ಲ ದದ್ದೆದ್ದು, ಗಂಟಲು ಊದಿ ಉಸಿರು ಕಟ್ಟಿತು. ಆ ಹುಡುಗಿಗೆ ಮೊದಲೇ ಪೆನಿಸಿಲಿನ್ ಆಗುತ್ತಿರಲಿಲ್ಲ. ಈ ಮದ್ದು ಅದರ ಹತ್ತಿರದ ನೆಂಟ. ಹೇಗೋ ಬದುಕಿಕೊಂಡಳು. ಎಮ್ಮೆಗೆ ಇಂಜೆಕ್ಷನ್ ಕೊಡಿಸಿದ್ದು ತಿಳಿದು ಟೇಲರ್ ನಮ್ಮ ಬಾಗಿಲಿಗೆ ಬಂದಾಗ ಮಾವ, "ಡಾಕ್ಟ್ರು ನಮಗೇನೂ ಹೇಳ್ಲಿಲ್ಲಪ್ಪ" ಎಂದುಬಿಟ್ಟರು.

ಮರುದಿನ ಸಾಹೇಬರು ಬರಲಾರರು ಎಂದುಕೊಂಡಿದ್ದೆವು. ಬಂದರು. ಮಾವನ ಕಡೆ ತಿರುಗಿಯೂ ನೋಡದೆ ಐದನೇ ಇಂಜೆಕ್ಷನ್ ಚುಚ್ಚಿದರು. "ಅರ್ಧಕ್ಕ ಬಿಟ್ರೆ ರೋಗ ಮತ್ತೆ ಏಳತೈತಿ. ಇದರದೇನು ತಪ್ಪು?" ಎಂದು ಎಮ್ಮೆಯ ಬೆನ್ನು ಸವರಿ ಹೋದರು.

ಸಾಹೇಬರ ಮೇಲೆ ಟೇಲರ್ ಕೊಟ್ಟ ದೂರು ಮೇಲಿನ ಆಫೀಸಿಗೆ ಹೋಯಿತು. ವಿಚಾರಣೆಗೆ ಬಂದ ಅಧಿಕಾರಿ ಕೊಟ್ಟಿಗೆ ಮುಂದೆಯೇ ಕುರ್ಚಿ ಹಾಕಿಸಿಕೊಂಡು, ಹಾಲು ಚೆಲ್ಲಲು ಡಾಕ್ಟರು ಹೇಳಿದ್ದರೇ ಎಂದು ನನ್ನನ್ನೂ ಕೇಳಿದರು. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಮಾವ ಒಮ್ಮೆ ಕೆಮ್ಮಿದರು.

"ನಂಗೊತ್ತಿಲ್ರಿ" ಎಂದೆ.

ಸಾಹೇಬರನ್ನು ದೂರದ ಯಾವುದೋ ಊರಿಗೆ ಎತ್ತಂಗಡಿ ಮಾಡಿದರು. ಎಮ್ಮೆ ಹುಷಾರಾಗಿ ಇನ್ನೂ ಮೂರು ಸಲ ಕರು ಹಾಕಿತು. ಅದರ ಹಾಲು ಕುಡಿದೇ ನನ್ನ ಮಕ್ಕಳು ಬೆಳೆದರು.

ಮಾವ ತೀರಿಕೊಂಡ ಮೇಲಷ್ಟೇ ನನಗೆ ಧೈರ್ಯ ಬಂತು. ಹರಿಹರಕ್ಕೆ ಹೋಗಿ ಸಾಹೇಬರ ಮನೆ ಹುಡುಕಿದೆ. ಅವರು ತೀರಿಹೋಗಿ ಎಂಟು ತಿಂಗಳಾಗಿತ್ತು. ಬಾಗಿಲಲ್ಲೇ ನಿಂತು ಅವರ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿದರು.

"ಆ ಹೆಣ್ಮಗಳು ಒಂದಿನ ಬರ್ತಾಳ ಅಂತ ಭಾಳ ವರ್ಷ ಅಂತಿದ್ರು. ಆಮ್ಯಾಲೆ ಅನ್ನೋದು ಬಿಟ್ರು" ಎಂದರು.

ಕೂಡ್ರಿ ಎನ್ನಲಿಲ್ಲ.